ನಿಜವಾದರೂ ಅಪರಾಧವೆ?
ಯುದ್ಧಕಾಲದ ಶಾಸನಗಳೂ ಸತ್ಯಾಣುವ್ರತವೂ

ಯುದ್ಧ ಬಂದೊದಗಿದಾಗ ರಾಜ್ಯಕ್ಕೆ ಕೆಲವು ವಿಶೇಷಾಧಿಕಾರಗಳು ಬೇಕಾಗುತ್ತವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಸೈನ್ಯ ಯಾವ ಮಾರ್ಗವಾಗಿ ಸಾಗುತ್ತಿದೆ, ಮದ್ದುಗುಂಡು ಎಲ್ಲಿ ಶೇಖರವಾಗಿದೆ ಎಂಬುದನ್ನು ಪ್ರಕಟಿಸುವ ಹಕ್ಕು ತಮಗುಂಟೆಂದು ವಿವೇಕಿಗಳಾದವರು ವಾದಿಸಲಾರರು. ಆದರೆ ಅಂಥ ಅಧಿಕಾರವನ್ನು ಕೊಡುವ ಶಾಸನಗಳನ್ನು ಕಥೆ ಕಾವ್ಯಗಳನ್ನು ಓದುವಷ್ಟೇ ಎಚ್ಚರದಿಂದ ಓದುವ ಅಭ್ಯಾಸ ನಮ್ಮಲ್ಲಿ ಕಡಮೆ. ಕಾವ್ಯದ ಒಂದು ಪದಕ್ಕೆ ಹತ್ತು ಅರ್ಥಗಳನ್ನು ಹುಡುಕುವ ನಾವು, ಮನುಷ್ಯನನ್ನು ಐದು ವರ್ಷ ಸೆರೆಗೆ ತಳ್ಳಬಲ್ಲ ಪದವೊಂದನ್ನು ಪರೀಕ್ಷಿಸದೆ ಬಿಟ್ಟುಬಿಡುತ್ತೇವೆ. ಪ್ರಸ್ತುತ ಲೇಖನದ ಉದ್ದೇಶ ಅಂಥ ಒಂದು ಪದಪುಂಜವನ್ನು ವಿಮರ್ಶಿಸುವುದು.

1939ರ ಭಾರತ ರಕ್ಷಣಾ ನಿಯಮಗಳಲ್ಲಿ 34ನೆಯದು ಪರಿಭಾಷೆಗಳಿಗೆ ಸಂಬಂಧಿಸಿದ್ದು. ಅಲ್ಲಿ ‘ಬಾಧಕ ವರದಿ’ ಎಂಬುದನ್ನು ವಿವರಿಸಲಾಗಿದೆ. ಯಾವುದೇ ವರದಿ, ಹೇಳಿಕೆ ಅಥವಾ ಚಿತ್ರ, ಅದು ನಿಜವಾಗಿರಲಿ ಸುಳ್ಳಾಗಿರಲಿ, ‘ಬಾಧಕ ಕೃತ್ಯ’ವಾಗುವುದಾದರೆ ಅಥವಾ ಅಂಥ ಕೃತ್ಯಕ್ಕೆ ಪ್ರಚೋದನೆ ನೀಡುವುದಾದರೆ ಅದು ಬಾಧಕ ವರದಿ ಎಂಬುದು ಆ ವಾಕ್ಯದ ತಾತ್ಪರ್ಯ. ಬಾಧಕ ಕೃತ್ಯಗಳ ಪಟ್ಟಿ ದೀರ್ಘವಾದುದು. ಸೈನಿಕರ ನಿಷ್ಠೆಯನ್ನು ಕೆಡಿಸುವುದು ಅದರಲ್ಲಿದೆ. ಜನರಲ್ಲಿ ಭಯವನ್ನು ಹುಟ್ಟಿಸುವುದೂ ಇದೆ. ಇವುಗಳ ನಡುವೆಯೇ, ಸರ್ಕಾರದ ಬಗ್ಗೆ ದ್ವೇಷ, ತಿರಸ್ಕಾರ, ಅಪ್ರೀತಿಗಳನ್ನು ಉಂಟುಮಾಡುವುದೂ ಸೇರಿದೆ. ಈ ಎರಡು ಭಾಗಗಳನ್ನು ಕೂಡಿಸಿ ಓದಿದರೆ ಹೊರಡುವ ಅರ್ಥವಿಷ್ಟು: ಸರ್ಕಾರದ ಬಗ್ಗೆ ತಿರಸ್ಕಾರ ಹುಟ್ಟುವಂಥ ಸಂಗತಿ ನಿಜವೇ ಆಗಿದ್ದರೂ ಅದನ್ನು ಹೇಳಿದವನು ಅಪರಾಧಿ. ಸತ್ಯವು ಅವನ ರಕ್ಷಣೆಗೆ ಬರುವುದಿಲ್ಲ.

ಸತ್ಯವನ್ನು ಐದು ವ್ರತಗಳಲ್ಲಿ ಒಂದಾಗಿ ಸ್ವೀಕರಿಸಿದ ಸಮಾಜಕ್ಕೆ ಇದು ಕೇವಲ ವಕೀಲರಿಗೆ ಬಿಡಬೇಕಾದ ವಿಷಯವಲ್ಲ. ನುಡಿದದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನೇ ಅನಗತ್ಯವೆಂದು ತಳ್ಳಿಹಾಕುವ ಶಾಸನವೊಂದು ನಮ್ಮ ನೀತಿಯ ಮೂಲಕ್ಕೇ ಸಂಬಂಧಿಸಿದೆ.

ನಿಯಮದ ಪೂರ್ವಚರಿತ್ರೆ

ಈ ಬಗೆಯ ಶಾಸನ ನಮ್ಮ ನಾಡಿಗೆ ಮೊದಲು ಬಂದದ್ದು ಒಂದನೆಯ ಮಹಾಯುದ್ಧದ ಕಾಲದಲ್ಲಿ. 1915ರ ಭಾರತ ರಕ್ಷಣಾ ಕಾಯಿದೆಗೆ ಯುದ್ಧಕಾಲ ಮತ್ತು ಅನಂತರದ ಆರು ತಿಂಗಳು ಎಂಬ ಅವಧಿಯಿತ್ತು. ಆ ಯುದ್ಧದ ನಡುವೆ, 1916ರ ಮೇ 1ರಂದು, ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಸ್ವರಾಜ್ಯವನ್ನು ಕುರಿತು ಭಾಷಣ ಮಾಡಿದರು. ಆ ಭಾಷಣಕ್ಕಾಗಿಯೂ ಅಹಮದನಗರದ ಎರಡು ಭಾಷಣಗಳಿಗಾಗಿಯೂ ಅವರಿಂದ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ ತಲಾ 10,000 ರೂಪಾಯಿಗಳ ಎರಡು ಜಾಮೀನುಗಳನ್ನೂ ಕೇಳಲಾಯಿತು. ಇಲ್ಲಿ ಬಳಕೆಯಾದದ್ದು ಯುದ್ಧಕಾಲದ ಕಾಯಿದೆಯಲ್ಲ, ಸಾಮಾನ್ಯ ರಾಜದ್ರೋಹದ ಕಾನೂನು. ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಳ್ಳಿಹಾಕಿತು. ಭಾಷಣವನ್ನು ಬಿಡಿ ವಾಕ್ಯಗಳಾಗಿ ಒಡೆಯದೆ ಇಡಿಯಾಗಿ ಓದಬೇಕೆಂಬ ತತ್ತ್ವವನ್ನು ನ್ಯಾಯಾಧೀಶರು ಅನುಸರಿಸಿದರು. ಯುದ್ಧ ನಡೆಯುತ್ತಿದ್ದಾಗಲೇ, ಪರಕೀಯ ಸರ್ಕಾರದ ನ್ಯಾಯಾಲಯವೇ ಇಂಥ ತೀರ್ಪು ಕೊಟ್ಟದ್ದು ಗಮನಾರ್ಹ. ಯುದ್ಧ ಮುಗಿದ ಮೇಲಾದರೂ ಕಾನೂನು ಸಡಿಲಿತೆ? ಇಲ್ಲ. ವಿಶೇಷಾಧಿಕಾರಗಳನ್ನು ಶಾಂತಿಕಾಲಕ್ಕೂ ಮುಂದುವರಿಸಲು 1919ರಲ್ಲಿ ರೌಲತ್ ಕಾಯಿದೆ ಬಂದಿತು. ಅದರ ಪರಿಣಾಮಗಳನ್ನು ವಾಚಕರು ಬಲ್ಲರು.

ಎರಡನೆಯ ಮಹಾಯುದ್ಧದಲ್ಲಿ ಗಾಂಧೀಜಿಯವರು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿದರು. ಯುದ್ಧದ ವಿರುದ್ಧ ಅಹಿಂಸಾತ್ಮಕವಾಗಿ ಮಾತನಾಡುವ ಸ್ವಾತಂತ್ರ್ಯವನ್ನು ಅವರು ವೈಸರಾಯ್ ಲಿನ್‌ಲಿತ್‌ಗೋ ಅವರಲ್ಲಿ ಕೇಳಿದರು. ಅದು ದೊರೆಯದಾಗ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. 1940ರ ಅಕ್ಟೋಬರ್ 17ರಂದು ಪವನಾರದಲ್ಲಿ ವಿನೋಬಾ ಭಾವೆಯವರು ಮೊದಲ ಸತ್ಯಾಗ್ರಹಿಯಾಗಿ ಮಾತನಾಡಿದರು; ಕೆಲವೇ ದಿನಗಳಲ್ಲಿ ಬಂಧಿತರಾದರು. ಅವರು ಯಾವ ಸೇನಾ ರಹಸ್ಯವನ್ನೂ ಹೊರಗೆಡಹಿರಲಿಲ್ಲ, ಯಾವ ಸುಳ್ಳನ್ನೂ ಹೇಳಿರಲಿಲ್ಲ. ಈ ಯುದ್ಧಕ್ಕೆ ನೆರವಾಗುವುದು ಸರಿಯಲ್ಲವೆಂಬ ತಮ್ಮ ಅಭಿಪ್ರಾಯವನ್ನು ನುಡಿದರು, ಅಷ್ಟೆ.

ನ್ಯಾಯಾಲಯಗಳಲ್ಲಿ ಈ ನಿಯಮದ ಗತಿ ವಿಚಿತ್ರವಾದುದು. ಕಲ್ಕತ್ತೆಯ ನಿಹಾರೇಂದು ದತ್ತ ಮಜುಂದಾರರ ಪ್ರಕರಣದಲ್ಲಿ, 1942ರಲ್ಲಿ, ಸರ್ ಮಾರಿಸ್ ಗ್ವೈಯರ್ ನೇತೃತ್ವದ ಫೆಡರಲ್ ನ್ಯಾಯಾಲಯವು, ಸರ್ಕಾರವನ್ನು ಕಟುವಾಗಿ ನಿಂದಿಸಿದ ಮಾತ್ರಕ್ಕೆ ಅಪರಾಧವಾಗದು, ಸಾರ್ವಜನಿಕ ಶಾಂತಿಗೆ ಭಂಗ ಬರುವ ಸಂಭವವಿರಬೇಕು ಎಂದು ನಿರ್ಣಯಿಸಿತು. 1947ರ ಫೆಬ್ರವರಿಯಲ್ಲಿ, ಸದಾಶಿವ ನಾರಾಯಣ ಭಾಲೇರಾವ್ ಪ್ರಕರಣದಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಒಪ್ಪದೆ ಹಳೆಯ ಕಠಿಣಾರ್ಥವನ್ನೇ ಎತ್ತಿಹಿಡಿಯಿತು. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು 1962ರ ಜನವರಿಯಲ್ಲಿ, ಕೇದಾರನಾಥ ಸಿಂಗ್ ಪ್ರಕರಣದಲ್ಲಿ, ಫೆಡರಲ್ ನ್ಯಾಯಾಲಯದ ಉದಾರಾರ್ಥವನ್ನು ಸ್ವೀಕರಿಸಿತು. ಆದರೆ ಅದೇ ವರ್ಷದ ಅಕ್ಟೋಬರ್ 26ರಂದು, ಚೀನದ ಆಕ್ರಮಣದ ಹಿನ್ನೆಲೆಯಲ್ಲಿ, ತುರ್ತು ಪರಿಸ್ಥಿತಿ ಘೋಷಿತವಾಯಿತು. ಹೊಸ ಭಾರತ ರಕ್ಷಣಾ ನಿಯಮಗಳು ಬಂದವು. ಅವುಗಳಲ್ಲಿ ‘ಬಾಧಕ ವರದಿ’ಯ ವ್ಯಾಖ್ಯೆ ಬಹುಮಟ್ಟಿಗೆ ಹಳೆಯ ಮಾತುಗಳಲ್ಲಿಯೇ ಮರಳಿ ಬಂದಿತು. ನಿಜವಿರಲಿ ಸುಳ್ಳಿರಲಿ ಎಂಬ ಮಾತೂ ಉಳಿಯಿತು. ಒಡೆಯರು ಬದಲಾದರು, ಪದ ಬದಲಾಗಲಿಲ್ಲ.

ಚಿತ್ರದುರ್ಗದ ದೃಷ್ಟಾಂತ

ಈ ಮಾತಿಗೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಒಂದು ನಿದರ್ಶನ ಸಿಗುತ್ತದೆ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು, ಎರಡನೆಯ ಮಹಾಯುದ್ಧ ಆರಂಭವಾದ 1939ರಲ್ಲಿಯೇ, ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಅರಣ್ಯ ಸತ್ಯಾಗ್ರಹದ ನೇತೃತ್ವ ವಹಿಸಿ ಸೆರೆಮನೆಗೆ ಹೋದರು. ಮುಂದೆ ಸಂವಿಧಾನ ಸಭೆಯ ಸದಸ್ಯರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. 1962ರ ಜೂನ್‌ನಿಂದ 1968ರ ಮೇವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1962ರ ಅಕ್ಟೋಬರಿನಲ್ಲಿ ಆರಂಭವಾದ ತುರ್ತು ಪರಿಸ್ಥಿತಿ ಕೊನೆಗೊಂಡದ್ದು 1968ರ ಜನವರಿ 10ರಂದು. ಅಂದರೆ ಅದರ ಆದ್ಯಂತವೂ ಅವರ ಆಡಳಿತದ ಅವಧಿಯೊಳಗೇ ಬರುತ್ತದೆ. ಆಳುವವರನ್ನು ಎದುರಿಸಿ ಸೆರೆ ಕಂಡ ಮಹನೀಯರೊಬ್ಬರು ಮುಖ್ಯಮಂತ್ರಿಗಳಾಗಿದ್ದಾಗ, ಭಿನ್ನಮತವನ್ನು ಸೆರೆಗಟ್ಟಬಲ್ಲ ನಿಯಮಗಳು ಅವರ ರಾಜ್ಯದಲ್ಲಿ ಊರ್ಜಿತವಾಗಿದ್ದವು.

ಇದನ್ನು ವ್ಯಕ್ತಿದೂಷಣೆಯೆಂದು ಯಾರೂ ಭಾವಿಸಬಾರದು. ಆ ನಿಯಮಗಳನ್ನು ರಚಿಸಿದುದು ಕೇಂದ್ರ ಸರ್ಕಾರ. ನಿಜಲಿಂಗಪ್ಪನವರ ಸರಳತೆ, ಪ್ರಾಮಾಣಿಕತೆಗಳು ಜನಜನಿತವಾದವು. ಒಳ್ಳೆಯವರು ಅಧಿಕಾರದಲ್ಲಿದ್ದರೆ ಕೆಟ್ಟ ಪದವೂ ನಿರಪಾಯಕಾರಿಯೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಒಳ್ಳೆಯವರು ನಿವೃತ್ತರಾಗುತ್ತಾರೆ, ಕಾಲವಾಗುತ್ತಾರೆ. ಪದ ಮಾತ್ರ ಮುಂದಿನವನ ಕೈಗೆ ದಾಟುತ್ತದೆ. ಸಂವಿಧಾನ ಸಭೆಯಲ್ಲಿ ಈ ಅಪಾಯವನ್ನು ಗುರುತಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪ್ರಮುಖರು. 1949ರ ಆಗಸ್ಟ್ ತಿಂಗಳಲ್ಲಿ, ತುರ್ತು ಪರಿಸ್ಥಿತಿಯ ಅಧ್ಯಾಯ ಚರ್ಚೆಗೆ ಬಂದಾಗ, ಜರ್ಮನಿಯ ವೈಮಾರ್ ಸಂವಿಧಾನದ ಇಂಥದೇ ವಿಧಿಯು ಸರ್ವಾಧಿಕಾರಕ್ಕೆ ದಾರಿಯಾದುದನ್ನು ಅವರು ನೆನಪಿಸಿದರು. ಸಭೆ ಅವರ ಮಾತಿಗೆ ಕಿವಿಗೊಡಲಿಲ್ಲ.

ಶಾಸ್ತ್ರದ ವಿಂಗಡಣೆ

ಇಂಥ ಶಾಸನಗಳ ಮೂಲದೋಷ, ಮೂರು ಬೇರೆ ಬೇರೆ ಬಗೆಯ ಮಾತುಗಳನ್ನು ಒಂದೇ ಹೆಸರಿನಿಂದ ಕರೆಯುವುದು. ರಹಸ್ಯವನ್ನು ಬಯಲುಮಾಡುವ ಮಾತು ಒಂದು. ಸುಳ್ಳು ಮಾತು ಇನ್ನೊಂದು. ಆಳುವವರ ನಿರ್ಣಯವನ್ನು ಒಪ್ಪದ ಮಾತು ಮತ್ತೊಂದು. ನಮ್ಮ ಆಚಾರ್ಯರು ಇವುಗಳನ್ನು ಬೇರ್ಪಡಿಸಿ ನೋಡಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ತಪ್ಪು ದಾರಿಗೆ ಎಳೆಯುವ ಉಪದೇಶವೂ ಸುಳ್ಳು ದಸ್ತಾವೇಜೂ ಇಲ್ಲಿ ದೋಷಗಳು. ಇಬ್ಬರ ಏಕಾಂತದ ಮಾತನ್ನು ಬಯಲಿಗೆಳೆಯುವುದೂ ದೋಷ. ಪರರ ಮುಖಭಾವ, ಇಂಗಿತಗಳಿಂದ ಅವರ ಗುಟ್ಟನ್ನು ಊಹಿಸಿ, ಅಸೂಯೆ ಮುಂತಾದ ಕಾರಣಗಳಿಂದ ಪ್ರಕಟಿಸುವುದು ಸಾಕಾರಮಂತ್ರಭೇದವೆಂದು ಪೂಜ್ಯಪಾದಾಚಾರ್ಯರು ವಿವರಿಸುತ್ತಾರೆ. ಸುಳ್ಳಿಗೂ ಗುಟ್ಟು ರಟ್ಟುಮಾಡುವುದಕ್ಕೂ ಈ ಪಟ್ಟಿಯಲ್ಲಿ ಸ್ಥಾನವಿದೆ, ಭಿನ್ನಾಭಿಪ್ರಾಯಕ್ಕೆ ಇಲ್ಲ. ಅನೇಕಾಂತವನ್ನು ಬೋಧಿಸಿದ ಪರಂಪರೆಯಲ್ಲಿ ಇನ್ನೊಂದು ದೃಷ್ಟಿಯನ್ನು ಮುಂದಿಡುವುದು ಅತಿಚಾರವಾಗುವುದಾದರೂ ಹೇಗೆ?

ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಈ ಭೇದ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಓಬವ್ವನ ಕಿಂಡಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅಂಥ ಕಿಂಡಿ ಇದೆಯೆಂದು ಹೊರಗಿನ ಶತ್ರುವಿಗೆ ತಿಳಿಸುವವನು ದ್ರೋಹಿ. ಅವನು ಹೇಳಿದ್ದು ನಿಜವೆಂಬುದು ಅವನ ದೋಷವನ್ನು ಕಡಮೆ ಮಾಡದು. ಆದರೆ ಕೋಟೆಯೊಳಗಿನ ಪ್ರಜೆಯೊಬ್ಬ, ಕಣಜ ಬರಿದಾಗಿದೆ, ಎಣ್ಣೆಕೊಳ ಒಣಗಿದೆ, ಈ ಸ್ಥಿತಿಯಲ್ಲಿ ಸಂಧಿ ಲೇಸಲ್ಲವೆ ಎಂದು ಕೇಳಿದರೆ ಅವನೂ ದ್ರೋಹಿಯೆ? ಇಬ್ಬರ ಮಾತೂ ನಿಜ. ಒಬ್ಬನ ನಿಜ ಪ್ರಾಣಘಾತಕ, ಇನ್ನೊಬ್ಬನದು ಪ್ರಾಣರಕ್ಷಕ. ಈ ಇಬ್ಬರನ್ನೂ ಒಂದೇ ಹಗ್ಗದಿಂದ ಕಟ್ಟುವ ನಿಯಮಕ್ಕೆ ವಿವೇಚನೆ ಇಲ್ಲವೆಂದೇ ಹೇಳಬೇಕಾಗುತ್ತದೆ.

ಇಲ್ಲಿ ಶಾಸ್ತ್ರಜ್ಞರು ಎರಡು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು, ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರರಿಗೆ ವಿಪತ್ತನ್ನು ತರುವುದಾದರೆ ಸತ್ಯವನ್ನೂ ನುಡಿಯಬಾರದೆಂಬ ಉಪದೇಶವಿದೆ. ಹಾಗಾದರೆ ನಿಜವಿರಲಿ ಸುಳ್ಳಿರಲಿ ಎಂಬ ಶಾಸನ ಅದನ್ನೇ ಹೇಳಿದಂತಾಗಲಿಲ್ಲವೆ? ಆಕ್ಷೇಪ ಗಂಭೀರವಾದುದು, ಉತ್ತರವನ್ನೂ ಅಷ್ಟೇ ಗಂಭೀರವಾಗಿ ಹುಡುಕಬೇಕು. ಆಚಾರ್ಯರು ಹೇಳುವ ವಿಪತ್ತು ಜೀವಿಗೆ ಒದಗುವ ವಿಪತ್ತು. ಸರ್ಕಾರದ ಬಗ್ಗೆ ಜನರಿಗೆ ಅಪ್ರೀತಿ ಉಂಟಾಗುವುದು ಆ ಅರ್ಥದ ವಿಪತ್ತಲ್ಲ. ಜೊತೆಗೆ, ವ್ರತವೆಂಬುದು ನುಡಿಯುವವನು ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಯಾವ ನಿಜ ಘಾತಕವೆಂಬುದನ್ನು ಅವನು ರಾಗದ್ವೇಷಗಳನ್ನು ಬದಿಗಿಟ್ಟು ತೂಗಬೇಕು. ಶಾಸನದಲ್ಲಾದರೋ, ತೂಗುವ ತಕ್ಕಡಿ ಟೀಕೆಗೆ ಗುರಿಯಾದವನ ಕೈಯಲ್ಲೇ ಇರುತ್ತದೆ. ತನ್ನ ಸರಕನ್ನು ತಾನೇ ತೂಗಿ ತಾನೇ ಬೆಲೆ ಕಟ್ಟುವವನ ತಕ್ಕಡಿಯನ್ನು ಯಾವ ಪೇಟೆಯಲ್ಲಿಯೂ ನಂಬುವುದಿಲ್ಲ.

ಎರಡನೆಯ ಆಕ್ಷೇಪ, ‘ವಿರುದ್ಧರಾಜ್ಯಾತಿಕ್ರಮ’ವನ್ನು ಶಾಸ್ತ್ರವೇ ಅತಿಚಾರವೆಂದಿರುವಾಗ ರಾಜ್ಯವನ್ನು ವಿರೋಧಿಸಿ ಮಾತನಾಡುವುದು ಶ್ರಾವಕನಿಗೆ ಸಲ್ಲದೆಂಬುದು. ಈ ಅತಿಚಾರ ಎಲ್ಲಿ ಬರುತ್ತದೆಂಬುದನ್ನು ಗಮನಿಸಬೇಕು. ಅದು ಸತ್ಯಾಣುವ್ರತದ ಕೆಳಗೆ ಬರುವುದಿಲ್ಲ. ಅಚೌರ್ಯಾಣುವ್ರತದ ಕೆಳಗೆ, ಕಳ್ಳಮಾಲು ಕೊಳ್ಳುವುದು, ಕಳ್ಳತೂಕ, ಕಲಬೆರಕೆ ಮುಂತಾದವುಗಳ ಜೊತೆಗೆ ಬರುತ್ತದೆ. ರಾಜ್ಯದಲ್ಲಿ ವಿರೋಧ, ಕ್ಷೋಭೆಗಳಿರುವಾಗ ಬೆಲೆಬಾಳುವ ವಸ್ತುಗಳನ್ನು ನ್ಯಾಯವಲ್ಲದ ಮಾರ್ಗದಿಂದ ಅಗ್ಗವಾಗಿ ಲಪಟಾಯಿಸುವ ಪ್ರಯತ್ನವೆಂದೇ ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ಯುದ್ಧಕಾಲದ ಕಾಳಸಂತೆಗೆ ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ಅದು ವರ್ತಕರಾದ ನಮ್ಮ ಕೈಯನ್ನು ಕಟ್ಟುವ ಸೂತ್ರ, ನಾಲಗೆಯನ್ನು ಕಟ್ಟುವುದಲ್ಲ. ಯುದ್ಧ ಬಂದಾಗ ಮಾತನ್ನು ಬಿಗಿದು ದಾಸ್ತಾನನ್ನು ಬಚ್ಚಿಡುವವನು ಸೂತ್ರವನ್ನು ತಲೆಕೆಳಗಾಗಿ ಓದಿದ್ದಾನೆ.

ಇನ್ನು ರಾಜನೀತಿಯ ಪ್ರಮಾಣವೂ ಇದಕ್ಕೆ ಅನುಕೂಲವಾಗಿಯೇ ಇದೆ. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ, ಮಂತ್ರಿಯಾದವನು ಒಡೆಯನಿಗೆ ನೋವಾದರೂ ಸರಿ, ಮಾಡಬಾರದ್ದನ್ನು ಬೋಧಿಸಿ ಅವನನ್ನು ಕೆಡಿಸಬಾರದೆಂಬ ಅರ್ಥದ ಮಾತನ್ನು ಹೇಳುತ್ತಾರೆ. ಜಿನಸೇನಾಚಾರ್ಯರ ಪುರಾಣದಲ್ಲಿಯೂ ಪಂಪನ ಆದಿಪುರಾಣದಲ್ಲಿಯೂ ಭರತ ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ ನಡೆದುದೇನು? ಇಬ್ಬರೂ ಚರಮದೇಹಿಗಳು, ಅವರಿಗೆ ಸಾವಿಲ್ಲ, ಸಾಯುವುದು ನಿರಪರಾಧಿ ಸೈನಿಕರು ಎಂದು ಮಂತ್ರಿಗಳು ನಡುವೆ ಬಂದರು. ಅವರ ಮಾತಿನಿಂದ ಮಹಾಯುದ್ಧ ನಿಂತು, ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ತೀರ್ಮಾನವಾಯಿತು. ಚಕ್ರವರ್ತಿಯ ದಂಡಯಾತ್ರೆಯ ತುತ್ತತುದಿಯಲ್ಲಿ ನುಡಿದ ಭಿನ್ನಮತವದು. ಸೈನ್ಯದ ಉತ್ಸಾಹವನ್ನು ಕುಗ್ಗಿಸಿದರೆಂದು ಅಂದು ಆ ಮಂತ್ರಿಗಳನ್ನು ಬಂಧಿಸಿದ್ದರೆ, ಆ ರಣದಲ್ಲಿ ಎಷ್ಟು ಹೆಣ ಬೀಳುತ್ತಿದ್ದವು!

ಕಾಲಮಿತಿಯಿಲ್ಲದ ಕಾನೂನು

ಪದದ ದೋಷಕ್ಕೆ ಕಾಲದ ದೋಷವೂ ಸೇರಿದೆ. 1962ರ ಕದನ ಒಂದು ತಿಂಗಳಲ್ಲಿ ಮುಗಿಯಿತು. ತುರ್ತು ಪರಿಸ್ಥಿತಿ ಐದು ವರ್ಷ ಮೀರಿ ನಡೆಯಿತು. ಆ ನಿಯಮಗಳ ಬಲದಿಂದಲೇ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂದು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಅಪರಂಜಿಯ ಒಡವೆ ಮಾಡುವುದಕ್ಕೆ ತಡೆಯಾಯಿತು. ಅಕ್ಕಸಾಲಿಗರ ಒಲೆಗಳು ಆರಿದವು. ಕ್ಯಾರೆಟ್ಟಿನ ಕಟ್ಟು ಕೆಲವು ವರ್ಷಗಳಲ್ಲಿ ಸಡಿಲವಾದರೂ ನಿಯಂತ್ರಣವು 1968ರ ಕಾಯಿದೆಯಾಗಿ ಮುಂದುವರಿದು ರದ್ದಾದದ್ದು 1990ರಲ್ಲಿ. ಒಂದು ತಿಂಗಳ ಯುದ್ಧಕ್ಕೆ ಇಪ್ಪತ್ತೇಳು ವರ್ಷಗಳ ನಿಯಮ! ಚಿನ್ನದ ವಿಷಯದಲ್ಲಿ ಹೀಗಾದರೆ ಮಾತಿನ ವಿಷಯದಲ್ಲಿ ಹೇಳುವುದೇನಿದೆ?

ವ್ಯಾಪಾರಿಗಳು ಮರೆಯಬಾರದ ಇನ್ನೊಂದು ಪ್ರಕರಣವಿದೆ. ಕೇರಳದಲ್ಲಿ ಸೀಮೆಎಣ್ಣೆಯ ಸಗಟು ವ್ಯಾಪಾರಿ ಜಿ. ಸದಾನಂದನ್ ಅವರನ್ನು ಭಾರತ ರಕ್ಷಣಾ ನಿಯಮಗಳ ಪ್ರಕಾರ ಸ್ಥಾನಬದ್ಧರನ್ನಾಗಿ ಇಡಲಾಗಿತ್ತು. ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಬಂಧುಗಳಿಗೆ ಆ ವ್ಯಾಪಾರ ದೊರೆಯಲೆಂದು ಸುಳ್ಳು ವರದಿ ಕೊಟ್ಟಿದ್ದಾರೆಂಬುದು ಅವರ ದೂರು. ಆ ಅಧಿಕಾರಿ ಅದನ್ನು ನಿರಾಕರಿಸಿ ಪ್ರಮಾಣಪತ್ರವನ್ನೂ ಸಲ್ಲಿಸಲಿಲ್ಲ. 1966ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಂಧನವನ್ನು ರದ್ದುಪಡಿಸಿತು. ಇಂಥ ಅಧಿಕಾರದ ದೀರ್ಘಕಾಲದ ಬಳಕೆಯಿಂದ ಅಧಿಕಾರಿಗಳ ಸಂವೇದನೆಯೇ ಮೊಂಡಾಗುತ್ತದೆಂದು ಮುಖ್ಯ ನ್ಯಾಯಾಧೀಶ ಗಜೇಂದ್ರಗಡ್ಕರರು ಎಚ್ಚರಿಸಿದರು. ಗಡಿಯನ್ನು ಕಾಯಲೆಂದು ಕೊಟ್ಟ ಕತ್ತಿ ಸೀಮೆಎಣ್ಣೆ ಅಂಗಡಿಯ ಮೇಲೆ ಎರಗಿದ್ದು ಹೀಗೆ.

1971ರ ಡಿಸೆಂಬರ್ 3ರಂದು ಘೋಷಿಸಿದ ತುರ್ತು ಪರಿಸ್ಥಿತಿಗೂ ಇದೇ ಗತಿಯಾಯಿತು. ಯುದ್ಧ ಎರಡೇ ವಾರದಲ್ಲಿ ಮುಗಿಯಿತು. ಘೋಷಣೆ ಹಿಂತೆಗೆತವಾದದ್ದು 1977ರ ಮಾರ್ಚಿನಲ್ಲಿ. ಈ ನಡುವೆ 1975ರ ಜೂನ್ 25ರಂದು ಇನ್ನೊಂದು ಘೋಷಣೆ ಬಂದಿತು. ಮರುದಿನ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ್ದು 1971ರ ಯುದ್ಧಕಾಲದ ನಿಯಮಗಳ 48ನೆಯ ನಿಯಮದ ಆಧಾರದಿಂದಲೇ. ಶತ್ರುವಿಗಾಗಿ ಬರೆದ ನಿಯಮ ಸ್ವದೇಶದ ವಿರೋಧಪಕ್ಷಕ್ಕೆ ಅನ್ವಯವಾಯಿತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ಬಂದಿಗಳಾದರು. ಅದೇ ಸೆರೆಮನೆಯಲ್ಲಿ ಆರೋಗ್ಯ ಕೆಟ್ಟ ನಟಿ ಸ್ನೇಹಲತಾ ರೆಡ್ಡಿಯವರು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು.

ಆ ಕತ್ತಲಲ್ಲಿಯೂ ಒಂದು ದೀಪವಿತ್ತು. 1976ರ ಫೆಬ್ರವರಿಯಲ್ಲಿ, ಮೀನೂ ಮಸಾನಿಯವರ ಪತ್ರಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ, ಎಲ್ಲ ಪತ್ರಿಕೆಗಳನ್ನೂ ಒಂದೇ ಸ್ವರದ ಕಹಳೆಯನ್ನಾಗಿ ಮಾಡುವುದು ಸೆನ್ಸಾರ್ ಅಧಿಕಾರಿಯ ಕೆಲಸವಲ್ಲವೆಂಬ ಅಭಿಪ್ರಾಯದ ತೀರ್ಪನ್ನು ಮುಂಬಯಿ ಉಚ್ಚ ನ್ಯಾಯಾಲಯ ನೀಡಿತು. ಇಂಥ ತೀರ್ಪುಗಳಿಂದ ಯುದ್ಧಕ್ಕೆ ಹಾನಿಯಾಗುವುದೆಂಬ ವಾದಕ್ಕೆ 1965ರ ಒಂದು ಸಂಗತಿಯೇ ಉತ್ತರ. ಪಾಕಿಸ್ತಾನದೊಡನೆ ಘೋರ ಯುದ್ಧ ನಡೆಯುತ್ತಿದ್ದ ಸೆಪ್ಟೆಂಬರ್ 7ರಂದೇ, ಭಾರತ ರಕ್ಷಣಾ ನಿಯಮಗಳಡಿ ಬಂಧಿತರಾಗಿದ್ದ ರಾಮಮನೋಹರ ಲೋಹಿಯಾ ಅವರ ಬಿಡುಗಡೆಗೆ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಇದರಿಂದ ನಮ್ಮ ಸೈನಿಕರ ಕೈ ಸೋಲಲಿಲ್ಲ.

ಇಂದಿನ ಸ್ಥಿತಿ

1978ರ 44ನೆಯ ತಿದ್ದುಪಡಿ ಕೆಲವು ಬಾಗಿಲುಗಳನ್ನು ಮುಚ್ಚಿತು. ‘ಆಂತರಿಕ ಕ್ಷೋಭೆ’ಯ ಸ್ಥಾನದಲ್ಲಿ ‘ಸಶಸ್ತ್ರ ಬಂಡಾಯ’ವೆಂಬ ಬಿಗಿಯಾದ ಮಾತು ಬಂದಿತು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಅಮಾನತುಗೊಳಿಸಲಾಗದೆಂದಾಯಿತು. ಆದರೆ ಯುದ್ಧ ಅಥವಾ ಹೊರಗಿನ ಆಕ್ರಮಣದ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಿಸಿದರೆ, 358ನೆಯ ವಿಧಿಯ ಪ್ರಕಾರ ವಾಕ್‌ಸ್ವಾತಂತ್ರ್ಯದ ರಕ್ಷಣೆ ಇಂದಿಗೂ ತಾನಾಗಿಯೇ ಅಮಾನತಾಗುತ್ತದೆ. 1977ರ ಬಳಿಕ ಅಂಥ ಘೋಷಣೆ ಬಂದಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿಯೂ 2025ರ ಮೇ ತಿಂಗಳ ಸಂಘರ್ಷದಲ್ಲಿಯೂ ಬರಲಿಲ್ಲ. ಇದು ಸಮಾಧಾನದ ಸಂಗತಿ. ಆದರೆ ಘೋಷಣೆಯಿಲ್ಲದೆಯೂ ಬಾಯಿ ಕಟ್ಟುವ ಸಾಧನಗಳು ಈಗ ಸಾಮಾನ್ಯ ಕಾನೂನಿನಲ್ಲಿಯೇ ಇವೆ. 2025ರ ಮೇ 8ರಂದು, ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯುವಂತೆ ಸರ್ಕಾರದಿಂದ ಆಜ್ಞೆ ಬಂದಿದೆಯೆಂದೂ, ಬಹುಪಾಲು ಖಾತೆಗಳ ವಿಷಯದಲ್ಲಿ ಯಾವ ಬರೆಹ ಕಾನೂನನ್ನು ಮೀರಿದೆಯೆಂದು ತಿಳಿಸಿಲ್ಲವೆಂದೂ ‘ಎಕ್ಸ್’ ಸಂಸ್ಥೆ ಪ್ರಕಟಿಸಿತು. ಅದೇ ದಿನಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತೆಂಬ ಸುಳ್ಳನ್ನು ನಮ್ಮ ಕೆಲವು ವಾಹಿನಿಗಳು ಬಿತ್ತರಿಸಿದವು. ನಮಗೆ ಹಿತವಾದ ಸುಳ್ಳನ್ನು ಉತ್ಸಾಹವೆಂದೂ ಅಹಿತವಾದ ನಿಜವನ್ನು ದ್ರೋಹವೆಂದೂ ಎಣಿಸುವ ಮನೋಭಾವ ಕಾನೂನಿಗಿಂತ ಮೊದಲು ನಮ್ಮಲ್ಲಿಯೇ ಬೇರೂರಿದೆ ಎಂಬುದಕ್ಕೆ ಇದೇ ಸಾಕ್ಷಿ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 197ನೆಯ ಕಲಮಿನ ಒಂದು ಭಾಗವು ಸಾರ್ವಭೌಮತೆಗೆ ಅಪಾಯ ತರುವ ‘ಸುಳ್ಳು ಅಥವಾ ದಾರಿತಪ್ಪಿಸುವ’ ಮಾಹಿತಿಯನ್ನು ದಂಡಿಸುತ್ತದೆ. ನಿಜ ಸುಳ್ಳುಗಳ ಪ್ರಶ್ನೆ ಇಲ್ಲಿ ಮರಳಿ ಬಂದಿರುವುದು ಶ್ಲಾಘ್ಯ. ಅದೇ ಸಂಹಿತೆಯ 152ನೆಯ ಕಲಮಾದರೋ ಆಜೀವ ಸೆರೆವಾಸದವರೆಗೆ ಶಿಕ್ಷೆ ವಿಧಿಸಬಲ್ಲುದಾದರೂ, ಅದರ ಮಾತುಗಳು ಅಷ್ಟು ಬಿಗಿಯಾಗಿಲ್ಲ.

ಯುದ್ಧಕಾಲದ ಯಾವುದೇ ಶಾಸನ ಮುಂದೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕು. ಗುಟ್ಟು, ಸುಳ್ಳು, ಭಿನ್ನಮತಗಳನ್ನು ಅದು ಬೇರೆ ಬೇರೆಯಾಗಿ ಹೇಳಿದೆಯೆ? ಹೇಳಿದ್ದು ನಿಜವೆಂದು ಸಾಧಿಸಲು ಆಪಾದಿತನಿಗೆ ಅವಕಾಶವಿದೆಯೆ? ಕದನ ನಿಂತ ಎಷ್ಟು ದಿನಗಳಲ್ಲಿ ಅದು ತಾನಾಗಿ ಕೊನೆಗೊಳ್ಳುತ್ತದೆ? ಲೆಕ್ಕ ಪರಿಶೋಧಕನು ಖಾತೆಯಲ್ಲಿನ ತಪ್ಪನ್ನು ಬರೆದಿಟ್ಟಾಗ ಅವನನ್ನು ಅಂಗಡಿಯ ಶತ್ರುವೆಂದು ಯಾವ ವರ್ತಕನೂ ಭಾವಿಸುವುದಿಲ್ಲ. ನಷ್ಟದ ವರ್ಷದಲ್ಲಿ ಅವನ ಅಗತ್ಯ ಇನ್ನೂ ಹೆಚ್ಚು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಮ್ಮ ಶ್ರಾವಕ ಬಂಧುಗಳಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದವರೂ ಇರಬಹುದು. ಯುದ್ಧದ ನಿರ್ಣಯ ಸರಿಯೆ ಎಂದು ಕೇಳುವ ಅಧಿಕಾರ ಎಲ್ಲರಿಗಿಂತ ಹೆಚ್ಚಾಗಿ ಅಂಥ ತಂದೆತಾಯಿಗಳಿಗೆ ಸೇರಿದ್ದು. ಅವರು ಕೇಳುವ ಪ್ರಶ್ನೆ ಅಪರಾಧವಾಗದಂತೆ ನೋಡಿಕೊಳ್ಳುವುದು ಉಳಿದ ನಮ್ಮೆಲ್ಲರ ಕರ್ತವ್ಯ. ವಿಜ್ಞರು ವಿಚಾರಿಸಬೇಕೆಂದು ಪ್ರಾರ್ಥನೆ.